ಕತ್ತೆಯೊಂದೇ ಸಾಕಾಯಿತು

ಬೈಯುವುದರಲ್ಲಿ ನಮ್ಮ ಶಾಲೆಯ ಮೇಷ್ಟರು ಧಾರಾಳಿ. ಲೆಕ್ಕ ತಪ್ಪಿತೆಂದರೆ ಕತ್ತೆಯ ಹಿಂದೆಯೇ ಕೋಣ, ಎಮ್ಮೆ, ಕುರಿಗಳೆಲ್ಲ ತರಗತಿಯೊಳಗೆ ನುಗ್ಗಿಬಿಡುತ್ತಿದ್ದವು. ಅಮೆರಿಕದ ಕಾಲೇಜು ಫುಟ್‌ಬಾಲ್ ಕೋಚ್ ಅಮೋಸ್ ಅಲೊಂಜೊ ಸ್ಟ್ಯಾಗ್ ಬಳಿ ಇದ್ದದ್ದು ಕತ್ತೆಯೊಂದೇ. ಅದರಲ್ಲೇ ಎಪ್ಪತ್ತು ವರ್ಷ ಸಂಸಾರ ತೂಗಿಸಿದರು! ಆಟಗಾರ ತಪ್ಪಿದರೆ ಕತ್ತೆ. ಮತ್ತೆ ತಪ್ಪಿದರೆ ಡಬಲ್ ಕತ್ತೆ. ಅದಕ್ಕಿಂತ ಕೆಟ್ಟ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲವಂತೆ. ನಮ್ಮ ಮೇಷ್ಟರ ಹಿಂಡಿನಲ್ಲಿ ಯಾವ ಪ್ರಾಣಿ ಯಾರ ಪಾಲಿನದೆಂದು ತಿಳಿಯದೆ ನಾವು ನಗುತ್ತಿದ್ದೆವು. ಒಂಟಿ ಕತ್ತೆಯಾದರೆ ನೇರವಾಗಿ ನಮ್ಮೆದುರೇ ಬಂದು ನಿಲ್ಲುತ್ತದೆ.

1862ರಲ್ಲಿ ನ್ಯೂಜೆರ್ಸಿಯಲ್ಲಿ ಹುಟ್ಟಿದ ಸ್ಟ್ಯಾಗ್ ಯೇಲ್‌ನಲ್ಲಿ ಓದುವಾಗ ಪಾದ್ರಿಯಾಗಬೇಕೆಂದಿದ್ದರು. ಉಪದೇಶಕ್ಕೆ ನಿಂತರೆ ಮಾತೇ ಹೊರಡದು. ಮಾತು ಬಾರದವರಿಗೆ ಬೈಗುಳವಾದರೂ ಹೇಗೆ ಬಂದೀತು? ತಲೆ ಮಾತ್ರ ಚುರುಕು. ಅವರ ಫುಟ್‌ಬಾಲ್‌ನಲ್ಲಿ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುತ್ತಾರೆ, ಓಡುವವನನ್ನು ಉಳಿದವರು ಕೆಡವುತ್ತಾರೆ. ಕೆಡವುವ ಅಭ್ಯಾಸಕ್ಕೆಂದು ಸ್ಟ್ಯಾಗ್ ಒಂದು ಹಾಸಿಗೆಯನ್ನು ಸುರುಳಿ ಸುತ್ತಿ ನೇತುಹಾಕಿದರು. ಗೆಳೆಯರು ಹಾಸಿಗೆ ಹಿಡಿಯುವುದಕ್ಕಿಂತ ಹಾಸಿಗೆಯನ್ನೇ ಹಿಡಿದು ಕೆಡವುವುದು ಮೇಲಲ್ಲವೇ?

1892ರಿಂದ 1932ರವರೆಗೆ ಷಿಕಾಗೋ ವಿಶ್ವವಿದ್ಯಾಲಯದಲ್ಲಿದ್ದರು. ಎಪ್ಪತ್ತು ತುಂಬಿತು, ಮನೆಗೆ ಹೋಗಿ ಎಂದರು. ನಮ್ಮಲ್ಲಾದರೆ ಶಾಲು ಹೊದೆಸಿಕೊಂಡು, ಹಣ್ಣಿನ ಬುಟ್ಟಿ ಹಿಡಿದು, ಮರುದಿನದಿಂದ ಪೇಪರನ್ನು ಜಾಹೀರಾತು ಸಮೇತ ಓದುವ ವಯಸ್ಸು. ಇವರು ಹೆಂಡತಿ ಸ್ಟೆಲ್ಲಾರನ್ನು ಕರೆದುಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೊರಟರು, ಇನ್ನೊಂದು ಕಾಲೇಜಿಗೆ ಕೋಚ್ ಆಗಲು! ಪಂದ್ಯ ನಡೆಯುವಾಗ ಮೇಲೆ ಕುಳಿತು ಆಟದ ನಕ್ಷೆ ಬರೆದುಕೊಡುತ್ತಿದ್ದುದು ಇದೇ ಸ್ಟೆಲ್ಲಾ. ಮನೆಯಲ್ಲಿ ಕತ್ತೆಯ ಪ್ರಯೋಗವಾಗುತ್ತಿತ್ತೋ ಇಲ್ಲವೋ, ನಕ್ಷೆ ಬರೆಯುವವರ ಮೇಲೆ ಆ ಧೈರ್ಯ ಯಾರಿಗೂ ಬರಲಾರದು. 1943ರಲ್ಲಿ, 81ನೇ ವಯಸ್ಸಿನಲ್ಲಿ, ಅವರಿಗೆ ವರ್ಷದ ಕೋಚ್ ಎಂಬ ಗೌರವ ಸಿಕ್ಕಿತು. ಅಲ್ಲಿಂದ ಬಿಟ್ಟ ಮೇಲೆ ಪೆನ್ಸಿಲ್ವೇನಿಯಾದ ಕಾಲೇಜೊಂದರಲ್ಲಿ ಮಗನ ಜೊತೆ ಕೆಲಸ.

ತೊಂಬತ್ತು ದಾಟಿದ ಮೇಲೆ ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್‌ಗೆ ಮರಳಿ, ಅಲ್ಲಿನ ಜೂನಿಯರ್ ಕಾಲೇಜಿನ ಹುಡುಗರಿಗೆ ಪಾಠಕ್ಕೆ ನಿಂತರು. 1960ರಲ್ಲಿ, 98ರ ಹೊತ್ತಿಗೆ, ಅದನ್ನೂ ಬಿಟ್ಟರು. ಆ ಕೊನೆಯ ವರ್ಷಗಳಲ್ಲಿ ಅವರು ಕಲಿಸುತ್ತಿದ್ದುದು ಚೆಂಡು ಒದೆಯುವುದನ್ನು ಮಾತ್ರ. ನಿಜವಾದ ಕತ್ತೆಗಾದರೆ ಅಷ್ಟನ್ನು ಹೇಳಿಕೊಡಬೇಕಾಗಿರಲಿಲ್ಲ.