ಆವರಣದೊಳಗೆ ಒಬ್ಬ ಪ್ರಭಾರ

ವಿಶ್ವವಿದ್ಯಾಲಯವೊಂದರಲ್ಲಿ ಮತ್ತೊಬ್ಬರು ಅಧಿಕಾರ ವಹಿಸಿಕೊಂಡರಂತೆ. ಫೋಟೋ ನೀವೂ ನೋಡಿರುತ್ತೀರಿ. ಮಧ್ಯದಲ್ಲಿ ಹೊಸ ಕುಲಪತಿಗಳು, ತಲೆಗೆ ಮೈಸೂರು ಪೇಟ, ಕೊರಳಿಗೆ ಮೂರು ಹಾರ, ಹೆಗಲಿಗೆ ಶಾಲು. ಎಡಕ್ಕೆ ಕುಲಸಚಿವರು, ಬಲಕ್ಕೆ ಮೌಲ್ಯಮಾಪನದ ಕುಲಸಚಿವರು, ಹಿಂದೆ ಹಣಕಾಸು ಅಧಿಕಾರಿ. ಎಲ್ಲರೂ ನಗುತ್ತಿದ್ದಾರೆ, ಹಣಕಾಸು ಅಧಿಕಾರಿಯೊಬ್ಬರನ್ನು ಬಿಟ್ಟು. ಹಾರದ ಬಿಲ್ ಯಾವ ಲೆಕ್ಕದಲ್ಲಿ ತೋರಿಸೋದು ಅಂತ ಯೋಚಿಸುತ್ತಿರಬೇಕು, ಪಾಪ.

ಫೋಟೋದ ಕೆಳಗೆ ಹೆಸರು. ಹೆಸರಿನ ಮುಂದೆ ಆವರಣದಲ್ಲಿ ಒಂದೇ ಒಂದು ಅಕ್ಷರ: (ಪ್ರ).

ನಾನು ಈ ಅಕ್ಷರದ ಅಭಿಮಾನಿ. ಪ್ರ ಅಂದರೆ ಪ್ರಭಾರ, ಕಾಯಂ ಕುಲಪತಿ ಸಿಗುವವರೆಗಿನ ಹಂಗಾಮಿ. ಪ್ರಚಂಡ, ಪ್ರಕಾಂಡ, ಪ್ರಖ್ಯಾತ ಅಂತ ಬೇಕಾದರೂ ಓದಿಕೊಳ್ಳಬಹುದು, ಯಾರೂ ಆಕ್ಷೇಪ ಎತ್ತುವುದಿಲ್ಲ. ವಿಶ್ವವಿದ್ಯಾಲಯದ ಜಾಗಕ್ಕೂ ನಾವು ಆವರಣ ಅಂತೀವಿ, ಈ ಎರಡು ಡೊಂಕು ಗೆರೆಗಳಿಗೂ ಆವರಣ ಅಂತೀವಿ. ಕನ್ನಡ ಭಾಷೆಗೆ ಎಲ್ಲಾ ಮೊದಲೇ ಗೊತ್ತಿತ್ತು ಅನಿಸುತ್ತದೆ.

ಕಾಯ್ದೆ ಪ್ರಕಾರ ಕುಲಪತಿಗಳ ಅವಧಿ 4 ವರ್ಷ. ಅದು ಮುಗಿಯುವ ದಿನ ಯಾರಿಗೂ ಗೊತ್ತಿಲ್ಲದ ಗುಟ್ಟಲ್ಲ, ಅಧಿಕಾರ ವಹಿಸಿಕೊಂಡ ದಿನವೇ ಗೊತ್ತಿರುತ್ತದೆ. ನಾಲ್ಕು ವರ್ಷ ಮೊದಲೇ ತಾರೀಖು ಗೊತ್ತಿರುವ ಘಟನೆಗಳು ಎರಡೇ: ಸೂರ್ಯಗ್ರಹಣ ಮತ್ತು ಕುಲಪತಿಗಳ ಬೀಳ್ಕೊಡುಗೆ. ಗ್ರಹಣಕ್ಕಾದರೆ ಪಂಚಾಂಗದವರು ತಯಾರಾಗಿರುತ್ತಾರೆ. ಇಲ್ಲಿ ಗ್ರಹಣ ಹಿಡಿದ ಮೇಲೆ ಶೋಧನಾ ಸಮಿತಿ ಮಾಡೋಣವಾ ಅಂತ ಕಡತ ಏಳುತ್ತದೆ. ಅದು ಮೆಲ್ಲಗೆ ಮೈಮುರಿದು ಬೆಂಗಳೂರಿಗೆ ಹೊರಡುತ್ತದೆ. ಸಮಿತಿ ಹೆಸರುಗಳನ್ನು ಕೊಡಬೇಕು, ಸರ್ಕಾರ ಒಪ್ಪಬೇಕು, ಕುಲಾಧಿಪತಿಗಳಾದ ರಾಜ್ಯಪಾಲರು ಸಹಿ ಹಾಕಬೇಕು. ವಿಧಾನಸೌಧ, ರಾಜಭವನ, ಈ ಎರಡು ಕಟ್ಟಡಗಳ ನಡುವಿನ ಪ್ರೀತಿ ವಿಶ್ವಾಸ ನಿಮಗೆ ಗೊತ್ತೇ ಇದೆ. ಅಲ್ಲಿಯವರೆಗೆ ಹಿರಿಯ ಡೀನ್ ಒಬ್ಬರ ಹೆಗಲ ಮೇಲೆ ಭಾರ. ಅವರು ನಿವೃತ್ತರಾದರೆ ಇನ್ನೊಬ್ಬ ಡೀನ್. ಹೊಸ ಹಾರ.

ಹೋದ ತಿಂಗಳು ತಂಗಿಯ ಮಗಳ ಪದವಿ ಪ್ರಮಾಣಪತ್ರ ತರೋಕೆ ಒಂದು ವಿಶ್ವವಿದ್ಯಾಲಯಕ್ಕೆ ಹೋಗಿದ್ದೆ. ಯಾವುದು ಅಂತ ಕೇಳಬೇಡಿ. ಗುಮಾಸ್ತರು ತುಂಬಾ ಒಳ್ಳೆಯವರು. "ಕೂತ್ಕೊಳ್ಳಿ ಸಾರ್" ಅಂದರು. ಕುರ್ಚಿ ಇರಲಿಲ್ಲ. ಒಳಗೆ ಪದಗ್ರಹಣ ಇತ್ತು, ಕುರ್ಚಿಗಳೆಲ್ಲ ಅಲ್ಲಿಗೆ ಹೋಗಿದ್ದವು.

"ಸಾಹೇಬ್ರು ಚಾರ್ಜ್ ತಗೊಳ್ತಾ ಇದಾರೆ."

ಮೊಬೈಲಿನ ಹಾಗೆ ಇವರಿಗೂ ಪದೇಪದೇ ಚಾರ್ಜ್ ಬೇಕಾಗುತ್ತದೆ ಅನಿಸಿತು. ಆದರೆ ಹೇಳಲಿಲ್ಲ, ಕೆಲಸ ಆಗಬೇಕಿತ್ತಲ್ಲ.

ಕಾಯುವಾಗ ನೋಡಿದ್ದು ಗೋಡೆಯ ಮೇಲಿನ ಮರದ ಫಲಕ. ಈವರೆಗಿನ ಕುಲಪತಿಗಳ ಹೆಸರು, ಇಂದ, ರವರೆಗೆ. ಮೇಲಿನ ಐದಾರು ಹೆಸರು ದಪ್ಪ ಚಿನ್ನದ ಬಣ್ಣದಲ್ಲಿ, ನಡುವೆ ಧಾರಾಳವಾಗಿ ಜಾಗ ಬಿಟ್ಟು ಬರೆದಿದ್ದಾರೆ. ಬರೆದವನಿಗೆ ಫಲಕ ನೂರು ವರ್ಷ ಬಾಳಿಕೆ ಬರುತ್ತದೆ ಅನ್ನೋ ನಂಬಿಕೆ ಇತ್ತು. ಕೆಳಗೆ ಬರುಬರುತ್ತಾ ಅಕ್ಷರ ಸಣ್ಣದಾಗುತ್ತವೆ, ಒತ್ತೊತ್ತಾಗುತ್ತವೆ. ಕೊನೆಯ ನಾಲ್ಕು ಹೆಸರಿಗೆ ಚಿನ್ನದ ಬಣ್ಣವೂ ಇಲ್ಲ, ಹಳದಿ ಬಣ್ಣ. ಒಬ್ಬರದು ಬರೀ 19 ದಿನ. ಕಟ್ಟಕಡೆಯ ಹೆಸರು ಮರದ ಮೇಲೇ ಇಲ್ಲ. ಚೌಕಟ್ಟಿನ ಮೇಲೆ ಚೀಟಿ ಅಂಟಿಸಿದ್ದಾರೆ. ಬಜೆಟ್ ಕಡಿತದ ಬಗ್ಗೆ ಶ್ವೇತಪತ್ರ ಬೇಕು ಅಂತ ಕೇಳುವವರು ಸುಮ್ನೆ ಬಂದು ಈ ಫಲಕ ನೋಡಲಿ.

ಕುವೆಂಪು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ಹೋಗುವಾಗ ಮಾನಸಗಂಗೋತ್ರಿ ಅನ್ನೋ ಕ್ಯಾಂಪಸ್ಸನ್ನೇ ಬಿಟ್ಟು ಹೋದರು. ಈಗಿನವರೂ ಬರಿಗೈಯಲ್ಲಿ ಹೋಗುವುದಿಲ್ಲ, ಏನಾದರೂ ಬಿಟ್ಟೇ ಹೋಗುತ್ತಾರೆ. ಸಾಮಾನ್ಯವಾಗಿ ಬಾಕಿ ಬಿಲ್ಲು.

ಬಿಲ್ಲು ಅಂದಾಗ ಹಂಪಿ ನೆನಪಾಗುತ್ತದೆ. ಕನ್ನಡಕ್ಕಾಗಿಯೇ 1991ರಲ್ಲಿ ಹುಟ್ಟಿದ ವಿಶ್ವವಿದ್ಯಾಲಯ. ಅದರ ಧ್ಯೇಯವಾಕ್ಯ 'ಮಾತೆಂಬುದು ಜ್ಯೋತಿರ್ಲಿಂಗ'. ಕರೆಂಟ್ ಬಿಲ್ ಬಾಕಿ ಉಳಿಸಿಕೊಂಡು ಅದು ಸುದ್ದಿಯಾಗಿದ್ದನ್ನು ನೀವು ಮರೆತಿರಲಾರಿರಿ. ನಾನಂತೂ ಇದರಲ್ಲಿ ಸರ್ಕಾರದ ತಪ್ಪು ಕಾಣುತ್ತಿಲ್ಲ. ಮಾತೇ ಜ್ಯೋತಿ ಅಂತ ಬರೆದುಕೊಂಡವರಿಗೆ ಕರೆಂಟ್ ಯಾಕೆ? ಕತ್ತಲಾದರೆ ಪ್ರಾಧ್ಯಾಪಕರು ಎರಡು ಮಾತಾಡಿದರೆ ಸಾಕು. ನಮ್ಮ ಸರ್ಕಾರಗಳೂ ಹಾಗೆಯೇ ಅಲ್ವಾ, ರಾಜ್ಯೋತ್ಸವದ ದಿನ ಕನ್ನಡಕ್ಕೆ ಎಷ್ಟು ಬೆಳಕು ಕೊಡುತ್ತವೆ! ಎಲ್ಲಾ ಮಾತಿನಲ್ಲೇ.

ಇನ್ನು ಹೊಸ ವಿಶ್ವವಿದ್ಯಾಲಯಗಳ ಕಥೆ. ಜಿಲ್ಲೆಗೊಂದು ಅಂತ ಹಿಂದಿನ ಬಿಜೆಪಿ ಸರ್ಕಾರ ಹೊರಟಿತು. ಇದ್ದ ಕಾಲೇಜು, ಸ್ನಾತಕೋತ್ತರ ಕೇಂದ್ರಗಳ ಬೋರ್ಡ್ ಇಳಿಸಿ ವಿಶ್ವವಿದ್ಯಾಲಯ ಅಂತ ಬೋರ್ಡ್ ಏರಿಸಿದರು. ಹಾಸನ, ಮಂಡ್ಯ, ಹಾವೇರಿ, ಕೊಡಗು, ಕೊಪ್ಪಳ, ಬಾಗಲಕೋಟೆ, ಚಾಮರಾಜನಗರ, ಹೀಗೆ. ಕುಲಪತಿಗಳು ಮೊದಲು ಬಂದರು. ಉಳಿದದ್ದು ಆಮೇಲೆ ಬರುತ್ತದೆ ಅಂದರು. 2025ರ ಫೆಬ್ರುವರಿಯಲ್ಲಿ ಬಂದಿದ್ದು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ನೇತೃತ್ವದ ಸಂಪುಟ ಉಪಸಮಿತಿಯ ತೀರ್ಮಾನ: ಬೀದರ್ ಒಂದನ್ನು ಬಿಟ್ಟು ಉಳಿದ 9 ಮುಚ್ಚಿ, ಮಾತೃ ವಿಶ್ವವಿದ್ಯಾಲಯಕ್ಕೆ ಸೇರಿಸಿ. ಇವರು ಹಡೆದರು, ಅವರು ತೊಟ್ಟಿಲು ತೂಗಲ್ಲ ಅಂದರು. ಎರಡೂ ಪಕ್ಷದವರು ಜಿಲ್ಲಾ ಕೇಂದ್ರದಲ್ಲಿ ಟೆಂಟ್ ಹಾಕಿ ಭಾಷಣ ಮಾಡಿದರು. ಒಳಗೆ ಪಾಠ ನಡೆಯುತ್ತಿತ್ತೋ ಇಲ್ಲವೋ, ಹೊರಗೆ ಮೈಕ್ ಚೆನ್ನಾಗಿ ಕೇಳುತ್ತಿತ್ತು.

ಮಾತೃ ವಿಶ್ವವಿದ್ಯಾಲಯ ಅನ್ನೋ ಮಾತು ಮಾತ್ರ ಬಹಳ ಮುದ್ದಾಗಿದೆ. ವಾಪಸ್ ಅಮ್ಮನ ಮನೆಗೆ ಹೋಗು ಅಂದ ಹಾಗೆ. ಅಮ್ಮನ ಮನೆಯಲ್ಲಿ ಏನಿದೆ? ಮೈಸೂರನ್ನೇ ತಗೊಳ್ಳಿ. 1916ರಲ್ಲಿ ಶುರುವಾದ ಮನೆ. ಮಂಡ್ಯ, ಹಾಸನ, ಚಾಮರಾಜನಗರದ ಕಾಲೇಜುಗಳ ಸಂಯೋಜನೆ ಶುಲ್ಕ, ಪರೀಕ್ಷಾ ಶುಲ್ಕದಲ್ಲಿ ಒಲೆ ಉರಿಯುತ್ತಿತ್ತು. ಮಕ್ಕಳು ಬೇರೆಯಾದಾಗ ಆ ಶುಲ್ಕವೂ ಅವರ ಜೊತೆ ಹೋಯಿತು. ಅಮ್ಮನಿಗೆ ಉಳಿದಿದ್ದು ಹಳೇ ಕಟ್ಟಡ, ಘನವಾದ ಇತಿಹಾಸ ಮತ್ತು ಪಿಂಚಣಿದಾರರು.

ಪಿಂಚಣಿ ಕೇಳಿದರೆ ಸರ್ಕಾರದ ಹತ್ತಿರ ಒಂದು ಮಂತ್ರ ಇದೆ: ಆಂತರಿಕ ಸಂಪನ್ಮೂಲದಿಂದ ಭರಿಸಿಕೊಳ್ಳಿ. ಆಂತರಿಕ ಸಂಪನ್ಮೂಲ ಅಂದರೆ ಏನೋ ಕ್ಯಾಂಪಸ್ಸಿನ ಕೆಳಗೆ ಕೋಲಾರದ ಹಾಗೆ ಚಿನ್ನದ ಗಣಿ ಇದೆ ಅಂದುಕೊಳ್ಳಬೇಡಿ. ಅದು ವಿದ್ಯಾರ್ಥಿಯ ಅಪ್ಪನ ಜೇಬು. ಮರುಮೌಲ್ಯಮಾಪನಕ್ಕೆ ಇಷ್ಟು, ಉತ್ತರ ಪತ್ರಿಕೆಯ ನಕಲಿಗೆ ಇಷ್ಟು, ಅಂಕಪಟ್ಟಿಗೆ ಇಷ್ಟು. ಹುಡುಗರು ಜಾಸ್ತಿ ಫೇಲಾದರೆ ವಿಶ್ವವಿದ್ಯಾಲಯ ಪಾಸಾಗುತ್ತದೆ.

ಹಾಗಾದರೆ ಪಾಠ ಮಾಡುತ್ತಿರುವವರು ಯಾರು? ಅತಿಥಿಗಳು. ತಿಥಿ ನೋಡದೆ ಬಂದು, ಉಂಡು, ಹೊರಡುವವನು ಅತಿಥಿ ಅಂತ ಹಿರಿಯರು ಹೇಳುತ್ತಿದ್ದರು. ನಮ್ಮಲ್ಲಿ ಅತಿಥಿ ಉಪನ್ಯಾಸಕರು ಹತ್ತು ಹದಿನೈದು ವರ್ಷದಿಂದ ಅದೇ ತರಗತಿಯಲ್ಲಿದ್ದಾರೆ. ಮನೆ ಯಜಮಾನರೇ ಮೂರು ತಿಂಗಳಿಗೊಬ್ಬರು ಬದಲಾಗುತ್ತಾರೆ. ಲೋಕದಲ್ಲಿ ಬೇರೆಲ್ಲೂ ಕಾಣದ ಏರ್ಪಾಡು ಇದು, ಅತಿಥಿ ಕಾಯಂ, ಯಜಮಾನ ಪ್ರಭಾರ.

ಇಲ್ಲಿ ತಮಾಷೆ ಮಾಡೋಕೆ ನನಗೂ ಮನಸ್ಸು ಬರುತ್ತಿಲ್ಲ. ಪಿಎಚ್‌.ಡಿ. ಮಾಡಿದ, ನಲವತ್ತು ದಾಟಿದ ಒಬ್ಬ ಮನುಷ್ಯ ಪ್ರತಿ ವರ್ಷ ಅದೇ ಅರ್ಜಿ ತುಂಬಿ, ಅದೇ ಪ್ರಮಾಣಪತ್ರ ಲಗತ್ತಿಸಿ, ಈ ಸಲ ಕರೆಯುತ್ತಾರಾ ಅಂತ ಕಾಯುತ್ತಾನೆ. ರಜೆ ಬಂದರೆ ಸಂಬಳ ಇಲ್ಲ. ಬರಬೇಕಾದ ಸಂಬಳವೂ ತಿಂಗಳುಗಟ್ಟಲೆ ತಡ. ಅಂಗಡಿಯವನ ಹತ್ತಿರ ಸಾಲ ಹೇಳಿ ಬಂದು ತರಗತಿಯಲ್ಲಿ ಅರ್ಥಶಾಸ್ತ್ರ ಹೇಳುತ್ತಾನೆ. ದುಡ್ಡಿಲ್ಲ ಅಂತೀರಿ, ಸರಿ, ನಂಬೋಣ. ಖಾಲಿ ಹುದ್ದೆಗೆ ಅರ್ಜಿ ಕರೆಯೋಕೂ ದುಡ್ಡು ಬೇಕಾ? ಪಾಠ ಮಾಡುವವರ ಹೆಸರು ಯಾವ ಫಲಕದ ಮೇಲೂ ಇಲ್ಲ, ಚೀಟಿಯ ಮೇಲೂ ಇಲ್ಲ. ನಾಚಿಕೆ ಆಗಬೇಕು. ಯಾರಿಗೆ ಅಂತ ಕೇಳಿದರೆ ಅದೂ ಗೊತ್ತಿಲ್ಲ, ಆ ಹುದ್ದೆಯೂ ಖಾಲಿ ಇರಬಹುದು.

ಇರಲಿ. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಕೇಂದ್ರದ ಯುಜಿಸಿಯವರು 2025ರ ಜನವರಿಯಲ್ಲಿ ಒಂದು ಕರಡು ತಂದಿದ್ದರಲ್ಲ, ಉದ್ಯಮದಲ್ಲಿ ಅನುಭವ ಇರುವವರೂ ಕುಲಪತಿ ಆಗಬಹುದು ಅಂತ. ಎಲ್ಲರೂ ಕೂಗಾಡಿದರು. ನನಗೇನೋ ಒಳ್ಳೇದೇ ಅನಿಸಿತ್ತು. ದಿವಾಳಿಯಾದ ಕಂಪನಿ ನಡೆಸಿದ ಅನುಭವ ಇದ್ದವರಿಗೆ ಇಲ್ಲಿ ಬಂದ ದಿನವೇ ಕೆಲಸ ಗೊತ್ತಾಗಿಬಿಡುತ್ತದೆ.

ಆವತ್ತು ಪದಗ್ರಹಣ ಮುಗಿಯುವಾಗ ಒಂದೂವರೆ ಗಂಟೆ. ಹಣ್ಣಿನ ಬುಟ್ಟಿಗಳು ಕಾರಿಗೆ ಹೋದವು, ಕುರ್ಚಿಗಳು ವಾಪಸ್ ಬಂದವು. ಗುಮಾಸ್ತರು ನನ್ನ ಅರ್ಜಿ ತೆಗೆದು ನೋಡಿದರು. ಪ್ರಮಾಣಪತ್ರ ತಯಾರಿದೆ, ಹಳೇ ಸಾಹೇಬರು ಸಹಿ ಹಾಕದೇ ಹೋಗಿದ್ದಾರೆ, ಹೊಸಬರ ಹೆಸರಲ್ಲಿ ಮತ್ತೆ ಮುದ್ರಿಸಬೇಕು, ಆದರೆ ಪ್ರಿಂಟರಿನಲ್ಲಿ ಇಂಕ್ ಇಲ್ಲ, ಟೆಂಡರ್ ಆಗಬೇಕು, ಟೆಂಡರಿಗೆ ಕುಲಪತಿಗಳ ಸಹಿ ಬೇಕು.

"ಅವರು ಈಗ ತಾನೇ ಬಂದ್ರಲ್ಲ?"

"ಬಂದ್ರು ಸಾರ್. ಆದ್ರೆ ಇದೇ 30ಕ್ಕೆ ರಿಟೈರ್ಡು."

"ಮತ್ತೆ ನಾನು ಯಾವಾಗ ಬರ್ಲಿ?"

ಅವರು ಕ್ಯಾಲೆಂಡರ್ ನೋಡಿದರು. ಅದು ಹೋದ ವರ್ಷದ್ದು.

"ಮುಂದಿನ ತಿಂಗಳು ಬನ್ನಿ ಸಾರ್. ಯಾರಾದ್ರೂ ಇರ್ತಾರೆ."