ಬಳೆಗಾರನ್ನ ಕರೆಸಿದ್ರೆ ಕೇಸ್ ಗೆಲ್ತಿದ್ರು

ಅಮೆರಿಕದ ಟ್ರಯಲ್ ಲಾಯರ್‌ಗಳ ಕಾನ್ಫಿಡೆನ್ಸ್ ಅಂದ್ರೆ ನಂಗೆ ಮೊದಲಿಂದ್ಲೂ ಒಂಥರಾ ಭಕ್ತಿ. ನಮ್ಮ ವಕೀಲರು ಪಾಪ ಜಡ್ಜ್ ಮುಂದೆ ಕೈ ಕಟ್ಕೊಂಡು ಡೇಟ್ ಕೇಳ್ತಾರೆ, ಅಲ್ಲಿ ಹಾಗಲ್ಲ, ಹನ್ನೆರಡು ಜನ ಜ್ಯೂರಿ, ಅಂದ್ರೆ ತೀರ್ಪು ಕೊಡೋಕೆ ಆರಿಸಿದ ಮಾಮೂಲಿ ಜನ, ತುಟಿಪಿಟಕ್ ಅನ್ನದೆ ಕೂತಿರ್ತಾರೆ, ಆ ಮೌನ ನೋಡಿ ಲಾಯರ್ ಸಾಹೇಬ್ರು ನನ್ ಮಾತು ಒಪ್ಕೊಂಡ್ಬಿಟ್ರು ಅಂದ್ಕೊಳ್ತಾರೆ. ಹೆಣ್ಣು ನೋಡೋಕೆ ಹೋದವನು ಉಪ್ಪಿಟ್ಟು ಕೊಟ್ರು ಅಂತ ಛತ್ರ ಬುಕ್ ಮಾಡಿದ ಹಾಗೆ.

ಅಮೆರಿಕನ್ ಫುಟ್‌ಬಾಲ್ ಸ್ಟಾರ್ ಆಗಿದ್ದ ಓ.ಜೆ. ಸಿಂಪ್ಸನ್ ಕೇಸ್ ತಗೊಳ್ಳಿ. 1995, ಲಾಸ್ ಏಂಜಲೀಸ್. ಅವನ ಮೇಲೆ ಜೋಡಿ ಕೊಲೆ ಆರೋಪ, ರಕ್ತದ ಡಿಎನ್ಎ ಎಲ್ಲಾ ಸರ್ಕಾರಿ ಕಡೆಗೇ ಇದೆ. ಜ್ಯೂರಿ ಆರಿಸೋ ಟೈಮಲ್ಲಿ ಒಬ್ಬ ಜ್ಯೂರಿ ಕನ್ಸಲ್ಟೆಂಟ್ (ಯಾರನ್ನ ಜ್ಯೂರಿಗೆ ಆರಿಸಿದ್ರೆ ಒಳ್ಳೇದು ಅಂತ ಸಲಹೆ ಕೊಡೋರು), ಅದೂ ಫ್ರೀಯಾಗಿ, ಬಂದು ಮೇಡಂ, ಕಪ್ಪು ಹೆಂಗಸರಿಗೆ ನಿಮ್ಮನ್ನ ಕಂಡ್ರೆ ಆಗ್ತಿಲ್ಲ ಅಂತ ಹೇಳಿದ್ರು. ಸರ್ಕಾರಿ ವಕೀಲೆ ಮಾರ್ಷಾ ಕ್ಲಾರ್ಕ್, ನಂಗೆ ಅವರ ಜೊತೆ ಚೆನ್ನಾಗಿ ಆಗತ್ತೆ, ನನ್ ಅನುಭವ ನಂಗಿದೆ ಅಂತ ಆ ಕನ್ಸಲ್ಟೆಂಟ್‌ನ ಮನೆಗೆ ಕಳಿಸಿದ್ರು. ಬಿಟ್ಟಿ ಸಲಹೆಗೆ ಎಲ್ಲಿ ರೀ ಮರ್ಯಾದೆ, ಲಕ್ಷ ಡಾಲರ್ ಬಿಲ್ ಕೊಟ್ಟಿದ್ರೆ ಕೇಳಿರೋರೇನೋ. ಕೊನೆಗೆ ತೀರ್ಪು ಕೊಟ್ಟ ಹನ್ನೆರಡರಲ್ಲಿ ಹತ್ತು ಜನ ಹೆಂಗಸರು, ಒಂಬತ್ತು ಜನ ಕಪ್ಪು ಜನಾಂಗದೋರು.

ಆಮೇಲೆ ಬಂತು ಜೂನ್ 15. ಉತ್ತರ ಗೊತ್ತಿಲ್ಲದ ಪ್ರಶ್ನೆ ಕೋರ್ಟಲ್ಲಿ ಕೇಳ್ಬೇಡ ಅನ್ನೋದು ಅಲ್ಲಿ ಮೊನ್ನೆ ಕೋಟು ಹೊಲಿಸ್ಕೊಂಡ ಜೂನಿಯರ್‌ಗೂ ಗೊತ್ತು. ಆದ್ರೆ ಇನ್ನೊಬ್ಬ ಸರ್ಕಾರಿ ವಕೀಲ ಕ್ರಿಸ್ಟೋಫರ್ ಡಾರ್ಡನ್, ಸಿಂಪ್ಸನ್‌ಗೇ ಹೇಳಿದ್ರು, ತಗೋಪ್ಪಾ, ಕೊಲೆಗಾರನದು ಅಂತ ನಾವು ಹೇಳ್ತಿರೋ ರಕ್ತ ಹತ್ತಿದ ಗ್ಲೌಸ್, ಎಲ್ಲರ ಮುಂದೆ ಹಾಕ್ಕೊಂಡು ತೋರ್ಸು. ಅದು ಕೈಗೆ ಹಿಡಿಸಬಾರದು ಅಂತ ಇಡೀ ದೇಶದಲ್ಲೇ ಜಾಸ್ತಿ ಆಸೆ ಇರೋ ಮನುಷ್ಯನ ಕೈಗೇ ಕೊಟ್ರು! ಸ್ಕೂಲಿಗೆ ಹೋಗಲ್ಲ ಅಂತ ಹಠ ಹಿಡಿದ ಮಗೂಗೆ ಜ್ವರ ಇದ್ಯಾ ನೀನೇ ನೋಡ್ಕೋ ಪುಟ್ಟಾ ಅಂದ್ರೆ ಅದು ಏನ್ ಹೇಳತ್ತೆ. ಸಾಲದ್ದಕ್ಕೆ ಒಳಗೊಂದು ರಬ್ಬರ್ ಗ್ಲೌಸ್ ಬೇರೆ ಹಾಕಿಸಿದ್ರು, ಆ ಮಹಾನುಭಾವ ಮುಖ ಕಿವುಚ್ಕೊಂಡು, ಬೆರಳು ಅಗಲಿಸ್ಕೊಂಡು, ಎಳೆದೂ ಎಳೆದೂ ಜ್ಯೂರಿಗೆ ತೋರಿಸಿದ, ಆಗಲ್ಲ. ನಮ್ಮೂರ ಜಾತ್ರೆ ಬಳೆಗಾರ ಅಲ್ಲಿದ್ದಿದ್ರೆ ಚೂರು ಸೋಪು ಹಚ್ಚಿ, ಹೆಬ್ಬೆರಳು ಒಳಕ್ಕೆ ಮಡಿಸಿ, ಮಾತಾಡಿಸ್ತಾ ಮಾತಾಡಿಸ್ತಾ ಏರಿಸಿಬಿಡ್ತಿದ್ದ.

ರಕ್ತಕ್ಕೆ ಚರ್ಮ ಕುಗ್ಗಿದೆ ಅಂತ ಆಮೇಲೆ ಎಷ್ಟು ಸಮಜಾಯಿಷಿ ಕೊಟ್ರೇನು. ಕೈಗೆ ಹಿಡಿಸದಿದ್ರೆ ಖುಲಾಸೆ ಮಾಡ್ಲೇಬೇಕು ಅಂತ ಎದುರು ಲಾಯರ್ ಜಾನಿ ಕಾಕ್ರನ್ ಪ್ರಾಸ ಕಟ್ಟಿ ಹಾಡಿದ್ರು. ಎಂಟು ತಿಂಗಳು ನಡೆದ ಕೇಸಿಗೆ ಜ್ಯೂರಿ ನಾಲ್ಕು ಗಂಟೆ ಕೂಡ ತಗೊಳ್ಲಿಲ್ಲ, ಅಕ್ಟೋಬರ್ 3ಕ್ಕೆ ಖುಲಾಸೆ. (ಗ್ಲೌಸ್ ಒಂದರಿಂದ್ಲೇ ಅಂತಲ್ಲ, ಪೊಲೀಸರ ಕರ್ಮಕಾಂಡನೂ ಬೇಕಾದಷ್ಟಿತ್ತು, ಆದ್ರೆ ಗ್ಲೌಸ್ ಮಾತ್ರ ಕೈಯಾರೆ ತಂದ್ಕೊಂಡಿದ್ದು.)

ಇದೇನೋ ಒಂದೇ ಕೇಸಿನ ಗ್ರಹಚಾರ ಅನ್ನೋಣ ಅಂದ್ರೆ, 2010ರಲ್ಲಿ ಬಂದ ಒಂದು ಸ್ಟಡಿ ಅಮೆರಿಕದ 481 ಲಾಯರ್‌ಗಳನ್ನ ಟ್ರಯಲ್‌ಗೆ ಮುಂಚೆನೇ ಕೇಳಿತ್ತು, ಕನಿಷ್ಠ ಏನು ಗೆಲ್ತೀರಾ, ಎಷ್ಟು ಗ್ಯಾರಂಟಿ ಅಂತ. ಶೇಕಡಾ 44 ಜನಕ್ಕೆ ತಾವೇ ಹೇಳಿದ ಆ ಕನಿಷ್ಠನೂ ಸಿಗ್ಲಿಲ್ಲ. ಸರ್ವಿಸ್ ಜಾಸ್ತಿ ಆದ್ರೆ ಅಂದಾಜು ಸುಧಾರಿಸತ್ತಾ ಅಂದ್ರೆ, ಅದೂ ಇಲ್ವಂತೆ.

ಅಂದಹಾಗೆ ಮಾರ್ಷಾ ಮೇಡಂ 1997ರಲ್ಲಿ ಈ ಸೋತ ಕೇಸಿನ ಬಗ್ಗೆ ಪುಸ್ತಕ ಬರೆದ್ರು. ಹೆಸರು, ವಿದೌಟ್ ಎ ಡೌಟ್.