ಮನೆಗೆ ನಮ್ಮೂರೋರ ಹೆಸರು ಯಾಕಿಡಬಾರ್ದು?

ಬೆಂಗ್ಳೂರಲ್ಲಿ ಅಪಾರ್ಟ್‌ಮೆಂಟಿಗೆ ಹೆಸರಿಡೋರು ಒಂದ್ಸಲ ಶಾಮೊನಿ ನೋಡ್ಕೊಂಡ್ ಬರ್ಬೇಕು. ನಾನಿರೋ ಜಿನೀವಾದಿಂದ ಕಾರಲ್ಲಿ ಗಂಟೆ ಚಿಲ್ರೆ ದಾರಿ, ಫ್ರಾನ್ಸ್‌ಗೆ ಸೇರಿದ ಊರು, ಆಲ್ಪ್ಸ್‌ನ ಅತೀ ಎತ್ತರದ ಬೆಟ್ಟ ಮಾಂಟ್ ಬ್ಲಾಂಕ್ ಬುಡದಲ್ಲೇ ಇದೆ, 1924ರಲ್ಲಿ ಮೊದಲ ಚಳಿಗಾಲದ ಒಲಿಂಪಿಕ್ಸ್ ನಡೆದಿದ್ದೂ ಅಲ್ಲೇ. ರಜೆಗೆ ಅಂತ ಅಲ್ಲಿ ನಾವು ಹಿಡಿದಿದ್ದ ಫ್ಲ್ಯಾಟಿಗೆ ಮಿಶೆಲ್ ಕ್ರೋ ಅವ್ರ ಹೆಸರು. ರಾಜ ಅಲ್ಲ, ಮಂತ್ರಿ ಅಲ್ಲ, ಅದೇ ಕಣಿವೆಯ ಒಂದು ಹಳ್ಳೀಲಿ ಹುಟ್ಟಿದ ಬೆಟ್ಟ ಹತ್ತಿಸೋ ಗೈಡು.

ಬರೀ ಬಾಗಿಲ ಮೇಲೆ ಹೆಸರು ಬರ್ದು ಬಿಟ್ಟಿದ್ರೆ ನಾನಿಷ್ಟು ಹೇಳ್ತಿರ್ಲಿಲ್ಲ. ಊಟದ ಟೇಬಲ್ ಪಕ್ಕದ ಗೋಡೇಲಿ ಅವ್ರ ಕಥೆಗೆ ಫ್ರೇಮ್ ಹಾಕ್ಸಿ ಇಟ್ಟಿದಾರೆ. 1865ರ ಜುಲೈ 14, ಸ್ವಿಟ್ಜರ್‌ಲೆಂಡ್-ಇಟಲಿ ಗಡಿಯ ಮ್ಯಾಟರ್‌ಹಾರ್ನ್ ಬೆಟ್ಟದ ತುದಿಗೆ ಮನುಷ್ಯರು ಮೊದಲ್ನೇ ಸಲ ಹತ್ತಿದ ದಿನ, ಒಟ್ಟು ಏಳು ಜನ. ಇಳಿಯೋವಾಗ ಹ್ಯಾಡೋ ಅನ್ನೋ 19 ವರ್ಷದ ಹುಡುಗನಿಗೆ ಕಾಲೇ ನಿಲ್ತಿಲ್ಲ, ಕ್ರೋ ತಮ್ಮ ಐಸ್ ಕೊಡ್ಲಿ ಪಕ್ಕಕ್ಕಿಟ್ಟು ಆ ಹುಡುಗನ ಕಾಲನ್ನ ಕೈಲಿ ಹಿಡ್ಕೊಂಡು ಒಂದೊಂದೇ ಹೆಜ್ಜೆ ಸರಿಯಾದ ಜಾಗದಲ್ಲಿ ಊರಿಸ್ತಾ ಇದ್ರು, ಅವ್ರು ಮುಂದಿನ ಹೆಜ್ಜೆ ಇಳಿಯೋಕೆ ತಿರುಗೋ ಹೊತ್ತಿಗೆ ಹುಡುಗ ಜಾರಿ ಇವ್ರ ಮೇಲೇ ಬಿದ್ದ, ಎಲ್ರನ್ನೂ ಸೇರಿಸಿ ಕಟ್ಟಿದ್ದ ಹಗ್ಗ ತುಂಡಾಯ್ತು, ಕ್ರೋ ಸೇರಿ ನಾಲ್ಕು ಜನ ಹೋಗ್ಬಿಟ್ರು. ಕ್ರೋಗೆ ಆಗ 35. ನನ್ನ ಮಗಳಿಗೆ ಇದನ್ನ ಓದಿ ಹೇಳಿದ್ದೆ, ಮಾರನೇ ದಿನ ರೈಲ್ವೆ ಸ್ಟೇಷನ್ ಹತ್ರದ ರಸ್ತೆಗೂ ಅದೇ ಹೆಸರಿರೋದು ನೋಡಿ "ಅಪ್ಪಾ, ಕಾಲು ಹಿಡ್ಕೊಂಡಿದ್ರಲ್ಲ, ಅವ್ರೇ ಅಲ್ವಾ" ಅಂದ್ಲು.

ಶಾಮೊನಿಯೋರು ಎಲ್ಲಾ ಸರಿ ಮಾಡಿದಾರೆ ಅಂತಲ್ಲ. 1786ರಲ್ಲಿ ಮಾಂಟ್ ಬ್ಲಾಂಕ್ ಮೊದಲು ಹತ್ತಿದ್ದು ಬಾಲ್ಮಾ ಮತ್ತೆ ಡಾಕ್ಟರ್ ಪಕ್ಕಾರ್, ಇಬ್ರೂ ಅದೇ ಊರೋರು. ಆದ್ರೆ ಬಾಲ್ಮಾಗೆ 1887ರಲ್ಲೇ ಪ್ರತಿಮೆ ಬಂತು, ಡಾಕ್ಟ್ರಿಗೆ ಬರೋಕೆ ಇನ್ನೂ ನೂರು ವರ್ಷದ ಹತ್ರ ಹತ್ರ ಆಯ್ತು. ಈಗ ಊರಿನ ಮೇನ್ ರೋಡಿಗೇ ಅವ್ರ ಹೆಸರಿದೆ.

ನಮ್ಮಲ್ಲಿ ರಸ್ತೆಗಳಿಗೆ ಒಳ್ಳೊಳ್ಳೆ ಹೆಸರಿವೆ, ಆದ್ರೆ ಡಿವಿಜಿ ರೋಡಲ್ಲಿ ಬಟ್ಟೆ ತಗೊಳ್ಳೋ ಮಕ್ಕಳಿಗೆ ಗುಂಡಪ್ಪನೋರು ಯಾರು ಅಂತ ಯಾವ ಗೋಡೆ ಹೇಳತ್ತೆ? ಅಪಾರ್ಟ್‌ಮೆಂಟ್ ಹೆಸರಂತೂ ಕೇಳ್ಲೇಬೇಡಿ, ಸರ್ಜಾಪುರ ರೋಡ್ ಉದ್ದಕ್ಕೂ ಇಟಲಿ, ಸ್ಪೇನ್. ಬೆಟ್ಟ ಹತ್ತೋರು ನಮ್ಮಲ್ಲಿ ಇಲ್ವಾ? ಬೆಂಗ್ಳೂರಿನ ಮಣಿಕಂಠನ್ ಕುಮಾರ್, ಪೋಲಿಯೋ ಆದ ಕಾಲು, 2012ರಲ್ಲಿ ಪ್ಯಾರಿಸ್‌ನಲ್ಲಿ ಪ್ಯಾರಾಕ್ಲೈಂಬಿಂಗ್, ಅಂದ್ರೆ ಅಂಗವಿಕಲರ ಕ್ಲೈಂಬಿಂಗ್ ಸ್ಪರ್ಧೆಯ, ವಿಶ್ವ ಚಾಂಪಿಯನ್‌ಶಿಪ್ ಚಿನ್ನ ತಂದ್ರು. ಚಿತ್ರದುರ್ಗದ ಜ್ಯೋತಿರಾಜ್ ಕೋಟೆ ಗೋಡೇನ ಹಗ್ಗ ಇಲ್ದೇ ಬರೀ ಕೈಲಿ ಹತ್ತೋರು. ರಾಮನಗರದ ಬಂಡೆಗಳಲ್ಲಿ ಎಷ್ಟೋ ವರ್ಷದಿಂದ ಹುಡುಗ್ರು ಹತ್ತೋದು ಕಲೀತಿದಾರೆ, ಆದ್ರೂ ಆ ಊರು ಅಂದ್ರೆ ಜನಕ್ಕೆ ನೆನಪಾಗೋದು ಸಿನಿಮಾ ಶೂಟಿಂಗ್. ನಂಗೆ ಇದು ನಿಜವಾಗ್ಲೂ ಬೇಜಾರು.

ಅದಕ್ಕೇ ರಾಮನಗರ, ಸಾವನದುರ್ಗದ ಸುತ್ತ ಹೋಮ್‌ಸ್ಟೇ ನಡೆಸೋರಿಗೆ ನಾನು ಕೇಳ್ಕೊಳ್ಳೋದು ಇಷ್ಟೇ, ಒಂದೊಂದು ರೂಮಿಗೆ ಒಬ್ಬೊಬ್ರ ಹೆಸರಿಡಿ, ಎದುರಿಗೆ ಕಾಣೋ ಬಂಡೇನ ಅವ್ರು ಯಾವ ಕಡೆಯಿಂದ ಹತ್ತಿದ್ರು, ಎಲ್ಲಿ ಕಷ್ಟ ಆಯ್ತು, ಹಗ್ಗ ಹಿಡಿದಿದ್ದೋರು ಯಾರು ಅಂತ ಕನ್ನಡದಲ್ಲಿ ಒಂದು ಹಾಳೆ ಬರ್ಸಿ ಗೋಡೆಗೆ ಹಾಕಿ. ಹತ್ತಿದೋರು ಇನ್ನೂ ಓಡಾಡ್ಕೊಂಡಿರೋವಾಗ್ಲೇ, ಅವ್ರನ್ನೇ ಕೇಳಿ ಬರ್ಸಿ.